ಕಾವಿಗೆ ಕೂತ ಹೇಂಟೆ

ನಿನ್ನೆಯವರೆಗೆ ತಿಪ್ಪೆ ಕೆದರಿಕೊಂಡು ಓಡಾಡುತ್ತಿದ್ದ ಹೇಂಟೆ ಇವತ್ತು ಗೂಡು ಬಿಟ್ಟು ಏಳುವುದಿಲ್ಲ. ಕಾಳು ಚೆಲ್ಲಿ ಕರೆದರೂ ಬರುವುದಿಲ್ಲ. ಹತ್ತಿರ ಹೋದರೆ ಮೈಗರಿಯನ್ನೆಲ್ಲ ಕೆದರಿಕೊಂಡು ಗುರುಗುಟ್ಟುತ್ತದೆ, ಕೈ ಚಾಚಿದರೆ ಕುಕ್ಕುತ್ತದೆ. ಎತ್ತಿ ಅಂಗಳಕ್ಕೆ ಬಿಟ್ಟರೆ ಕೊರ್ ಕೊರ್ ಎನ್ನುತ್ತ ಒಂದು ಸುತ್ತು ಹಾಕಿ ಮತ್ತೆ ಅದೇ ಮೂಲೆಗೆ ಹೋಗಿ ಕೂರುತ್ತದೆ. ಅಡಿಯಲ್ಲಿ ಒಂದೂ ಮೊಟ್ಟೆ ಇಲ್ಲದಿದ್ದರೂ ಸರಿಯೇ. ನಾಟಿ ಕೋಳಿ ಸಾಕಿದ ಮನೆಯವರು ಇದನ್ನು ನೋಡಿದೊಡನೆ ಕೋಳಿ ಕಾವಿಗೆ ಬಂದಿದೆ ಎನ್ನುತ್ತಾರೆ. ಪೇಟೆಯಲ್ಲಿ ಹಿತ್ತಲಿಗೋ ತಾರಸಿಗೋ ನಾಲ್ಕು ಕೋಳಿ ತಂದುಕೊಂಡವರು ಮಾತ್ರ ಗಾಬರಿಯಾಗಿ ಔಷಧಿ ಹುಡುಕುತ್ತಾರೆ.

ಔಷಧಿ ಬೇಕಿಲ್ಲ, ಇದು ರೋಗವಲ್ಲ. ಆದರೂ ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಬೇಕು. ಮೊಟ್ಟೆ ಹೊರಬರದೆ ಒಳಗೇ ಸಿಕ್ಕಿಕೊಂಡ ಕೋಳಿಯೂ ಗೂಡಿನಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಅದರ ಲಕ್ಷಣವೇ ಬೇರೆ: ಕುಕ್ಕುವ ಹುರುಪು ಇರುವುದಿಲ್ಲ, ಕಣ್ಣು ಮುಚ್ಚಿ ಮಂಕಾಗಿರುತ್ತದೆ, ಬಾಲ ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತದೆ. ಅಂಥದ್ದನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಕಾವಿಗೆ ಬಂದ ಕೋಳಿಗೆ ಸಿಟ್ಟು ಜಾಸ್ತಿ, ಕಣ್ಣು ಚುರುಕು. ರಾತ್ರಿ ಉಳಿದ ಕೋಳಿಗಳು ಗಳದ ಮೇಲೆ ಏರಿದಾಗಲೂ ಇದು ಗೂಡಿನಲ್ಲೇ ಇದ್ದರೆ, ಮಾರನೆಯ ರಾತ್ರಿಯೂ ಅಲ್ಲೇ ಇದ್ದರೆ, ಇನ್ನು ಅನುಮಾನ ಬೇಡ.

ಹೀಗೆ ಕೂರಿಸುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಹಸುವಿನ ಕೆಚ್ಚಲಿನಲ್ಲಿ, ತಾಯಿಯ ಎದೆಯಲ್ಲಿ ಹಾಲೂರಿಸುವುದಕ್ಕೂ ಇದೇ ಹೆಸರಿನ ಹಾರ್ಮೋನು ಬೇಕು. ಪ್ರೊಲ್ಯಾಕ್ಟಿನ್ ಚುಚ್ಚಿದರೆ ಕೋಳಿ ಕಾವಿಗೆ ಬರುತ್ತದೆಂದು 1935ರಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು ತೋರಿಸಿದರು. ಈ ಹಾರ್ಮೋನು ಏರಿದಂತೆ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಕೆಂಪು ಜುಟ್ಟು ಬಿಳಿಚಿಕೊಳ್ಳುತ್ತದೆ. ಎದೆಯಡಿಯ ಗರಿ ಉದುರಿ, ರಕ್ತನಾಳ ತುಂಬಿದ ಬಿಸಿ ಚರ್ಮ ಮೊಟ್ಟೆಗೆ ನೇರವಾಗಿ ತಾಗುತ್ತದೆ. ಆ ಚರ್ಮಕ್ಕೆ ಮೊಟ್ಟೆ ತಾಗಿದಷ್ಟೂ ಹಾರ್ಮೋನು ಇನ್ನಷ್ಟು ಊರುತ್ತದೆ. ದಿನದಿನವೂ ಮೊಟ್ಟೆ ಎತ್ತಿಕೊಳ್ಳುವ ಮನೆಯಲ್ಲಿ ಕೋಳಿ ತಡವಾಗಿ ಕಾವಿಗೆ ಬರುವುದಕ್ಕೂ, ಗೂಡಿನಲ್ಲಿ ಹತ್ತು ಹನ್ನೆರಡು ಮೊಟ್ಟೆ ಬಿಟ್ಟರೆ ಬೇಗ ಬರುವುದಕ್ಕೂ ಇದೇ ಕಾರಣ.

ಎಲ್ಲ ತಳಿಯೂ ಹೀಗೆ ಕೂರುವುದಿಲ್ಲ. ಮೊಟ್ಟೆಗೆಂದೇ ಸಾಕುವ ವೈಟ್ ಲೆಗ್‌ಹಾರ್ನ್‌ನಲ್ಲಿ ಕಾವಿಗೆ ಕೂರದ ಕೋಳಿಗಳನ್ನೇ ತಲೆತಲಾಂತರ ಆಯ್ದು ಆ ಗುಣವನ್ನು ಬಹುಮಟ್ಟಿಗೆ ಅಳಿಸಿಬಿಟ್ಟಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಹಿತ್ತಲಿಗೆ ಒಗ್ಗುತ್ತದೆ, ಮೊಟ್ಟೆಯನ್ನೂ ಹೆಚ್ಚು ಕೊಡುತ್ತದೆ, ಆದರೆ ಮರಿ ಮಾಡುವುದಿಲ್ಲ. ಮರಿಗಾಗಿ ಮತ್ತೆ ಮರಿ ಮಾರುವ ಕೇಂದ್ರಕ್ಕೇ ಹೋಗಬೇಕು. ನಾಟಿ ಹೇಂಟೆಯ ಬೆಲೆ ಇಲ್ಲಿ ತಿಳಿಯುತ್ತದೆ. ಕರೆಂಟಿಲ್ಲದೆ, ಯಂತ್ರವಿಲ್ಲದೆ ಮರಿ ಮಾಡಿ, ಅವಕ್ಕೆ ಮೇಯುವುದನ್ನೂ ಅಡಗುವುದನ್ನೂ ಕಲಿಸುವುದು ಅದೊಂದೇ.

ಮನೆಯವರು ತೀರ್ಮಾನ ಮಾಡಬೇಕಾದದ್ದು ಒಂದೇ: ಕೂರಿಸುವುದೋ, ಬಿಡಿಸುವುದೋ. ಇದನ್ನು ಎರಡು ಮೂರು ದಿನದೊಳಗೆ ಮುಗಿಸಬೇಕು. ಅದೇ ಸರಿಹೋಗುತ್ತದೆ ಎಂದು ಬರಿಗೂಡಿನ ಮೇಲೆ ಬಿಟ್ಟುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಮರಿ ಬಾರದ ಕೋಳಿಗೆ ಏಳಬೇಕೆಂದು ತಿಳಿಯುವುದಿಲ್ಲ, ಇಪ್ಪತ್ತೊಂದು ದಿನ ದಾಟಿದರೂ ಕೂತೇ ಇರುತ್ತದೆ. ಅರೆಹೊಟ್ಟೆಯಲ್ಲಿ ಎದೆಮೂಳೆ ಕೈಗೆ ಸಿಗುವಷ್ಟು ಸೊರಗುತ್ತದೆ, ಮೈಗೆ ಹೇನು ಹತ್ತುತ್ತದೆ.

ಬಿಡಿಸುವುದಕ್ಕೆ ಹಳ್ಳಿಗಳಲ್ಲಿ ನೀರಿನಲ್ಲಿ ಮುಳುಗಿಸುತ್ತಾರೆ, ಕಾಲು ಕಟ್ಟಿ ಬಿಸಿಲಿಗೆ ಹಾಕುತ್ತಾರೆ, ಮೂಗಿನ ಹೊಳ್ಳೆಗೆ ಗರಿ ಚುಚ್ಚುತ್ತಾರೆ. ಇವುಗಳನ್ನು ಬಿಡಬೇಕು. ಕೋಳಿ ತಪ್ಪು ಮಾಡಿಲ್ಲ, ಹಿಂಸೆಯ ಅಗತ್ಯವೂ ಇಲ್ಲ. ಅಡಿಗೆ ಗಾಳಿಯಾಡಬೇಕು, ಗೂಡು ಕಣ್ಣಿಗೆ ಬೀಳಬಾರದು, ಕೂರಲು ಮೆತ್ತನೆಯ ಜಾಗ ಸಿಗಬಾರದು, ಇಷ್ಟು ಸಾಕು. ತಂತಿಬಲೆಯ ತಳವಿರುವ ಪಂಜರವನ್ನು ನಾಲ್ಕು ಇಟ್ಟಿಗೆಯ ಮೇಲೆ ಎತ್ತರಿಸಿ, ಬೆಳಕಿರುವ ನೆರಳಿನಲ್ಲಿಡಿ. ಹುಲ್ಲು ಹಾಸಬೇಡಿ. ಕಾಳು ನೀರು ಸದಾ ಇರಲಿ. ಎದೆಯಡಿಯ ಬಿಸಿ ಇಳಿದಂತೆ ಹಾರ್ಮೋನೂ ಇಳಿಯುತ್ತದೆ. ಮೂರು ದಿನದ ಮೇಲೆ ಹೊರಗೆ ಬಿಟ್ಟು ನೋಡಿ. ಮೇಯಲು ಹೋದರೆ ಬಿಟ್ಟಂತೆ, ಗೂಡಿಗೆ ಓಡಿದರೆ ಇನ್ನೆರಡು ದಿನ ಪಂಜರ. ಒಂದೆರಡು ವಾರ ಕಳೆದು ಮೊಟ್ಟೆ ಮತ್ತೆ ಶುರುವಾಗುತ್ತದೆ.

ಕೂರಿಸುವುದಾದರೆ ಮೊಟ್ಟೆಯ ಆಯ್ಕೆಯೇ ಅರ್ಧ ಕೆಲಸ. ಹುಂಜ ಜೊತೆಗಿದ್ದ ಹೇಂಟೆಯದೇ ಮೊಟ್ಟೆಯಾಗಬೇಕು, ಒಂದು ವಾರಕ್ಕಿಂತ ಹಳೆಯದಿರಬಾರದು. ತೊಳೆಯಬಾರದು: ಚಿಪ್ಪಿನ ಮೇಲಿನ ತೆಳು ಪೊರೆ ಹೋದರೆ ರೋಗಾಣು ಒಳಗಿಳಿಯುತ್ತವೆ. ಬಿಸಿಯ ವಿಷಯವನ್ನು ನಮ್ಮಲ್ಲಿ ಬಹಳ ಜನ ಲಕ್ಷಿಸುವುದಿಲ್ಲ. ಕಲಬುರಗಿ ರಾಯಚೂರುಗಳ ಬೇಸಿಗೆಯಲ್ಲಿ ಮನೆಯೊಳಗಿಟ್ಟ ಮೊಟ್ಟೆಗೂ ಅರೆಕಾವು ಸಿಕ್ಕಿ, ಭ್ರೂಣ ಅಡ್ಡಾದಿಡ್ಡಿ ಬೆಳೆಯತೊಡಗಿ ಸಾಯುತ್ತದೆ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುವ ರೂಢಿ ಹಲವೆಡೆ ಇದೆ. ಗುಡುಗಿನ ಕಾಲವೇ ನಮ್ಮಲ್ಲಿ ಸೆಕೆಯ ಕಾಲವೂ ಹೌದು, ದೂರು ಗುಡುಗಿನ ಮೇಲೆ ಬಂತೆಂದು ನನಗನಿಸುತ್ತದೆ. ಕಬ್ಬಿಣ ಇಟ್ಟರೆ ನಷ್ಟವೇನಿಲ್ಲ, ಆದರೆ ಮೊಟ್ಟೆಯನ್ನು ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ, ಚೂಪು ತುದಿ ಕೆಳಗಾಗಿ, ತಂಪಾಗಿ ಇಡುವುದನ್ನು ಮರೆಯಬೇಡಿ.

ನಾಟಿ ಹೇಂಟೆಯ ಮೈಗೆ ಹತ್ತು ಹನ್ನೆರಡು ಮೊಟ್ಟೆ ಸರಿ. ಹೆಚ್ಚಿಟ್ಟರೆ ರೆಕ್ಕೆಯಾಚೆ ಉಳಿದ ಮೊಟ್ಟೆ ತಣಿಯುತ್ತದೆ, ಕೋಳಿ ಅವನ್ನು ತಿರುಗಿಸುತ್ತ ಜಾಗ ಬದಲಿಸುವುದರಿಂದ ಒಂದೊಂದಾಗಿ ಎಲ್ಲವೂ ತಣಿಯುತ್ತವೆ. ಅಗಲ ಬುಟ್ಟಿಗೆ ತಳದಲ್ಲಿ ಮರಳು, ಸ್ವಲ್ಪ ಬೂದಿ, ಮೇಲೆ ಒಣ ಬತ್ತದ ಹುಲ್ಲು ಹಾಕಿ. ಹೆಗ್ಗಣ, ಮುಂಗುಸಿ, ಕೇರೆಹಾವು ಬಾರದ ಅರೆಗತ್ತಲೆಯ ಮೂಲೆ ನೋಡಿ. ಕೋಳಿಯನ್ನು ರಾತ್ರಿ ಹೊತ್ತು ಅಲ್ಲಿಗೆ ಸಾಗಿಸಿದರೆ ತಕರಾರಿಲ್ಲದೆ ಕೂರುತ್ತದೆ. ಪ್ರತಿ ಮೊಟ್ಟೆಗೂ ಇದ್ದಿಲಿನ ಗುರುತು ಹಾಕಿ, ಏಕೆಂದರೆ ಬೇರೆ ಹೇಂಟೆಗಳು ಅದೇ ಗೂಡಿಗೆ ಬಂದು ಇಟ್ಟು ಹೋಗುತ್ತವೆ. ಗುರುತಿಲ್ಲದ್ದನ್ನು ಅಂದಂದೇ ತೆಗೆಯಬೇಕು.

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ, ಮೊಟ್ಟೆಗೆ ಬೇಕಾದದ್ದು 37.5ರ ಆಸುಪಾಸು. ಈ ಲೆಕ್ಕವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ದಿನಕ್ಕೊಮ್ಮೆ ಎದ್ದು ಹದಿನೈದಿಪ್ಪತ್ತು ನಿಮಿಷದಲ್ಲಿ ತಿಂದು, ಕುಡಿದು, ಗಬ್ಬು ನಾರುವ ದೊಡ್ಡ ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಿ ಹಿಂದಿರುಗುತ್ತದೆ. ಎರಡು ದಿನ ಏಳದೇ ಇದ್ದರೆ ನೀವೇ ಎತ್ತಿ ಕಾಳಿನ ಹತ್ತಿರ ಬಿಡಿ. ಎತ್ತುವಾಗ ರೆಕ್ಕೆಯಡಿ ಮೊಟ್ಟೆ ಸಿಕ್ಕಿದೆಯೇ ನೋಡಿಕೊಳ್ಳಿ. ಜೋಳ, ಗೋಧಿ, ಒಡೆದ ಮೆಕ್ಕೆಜೋಳ ಯಾವುದಾದರೂ ಆದೀತು, ನೀರು ಶುದ್ಧವಿರಲಿ. ಹೊರಳಲು ಬೂದಿ ಬೆರೆತ ಒಣಮಣ್ಣು ಕೊಡದಿದ್ದರೆ ಹೇನು ನುಸಿ ಹೆಚ್ಚಿ, ರಾತ್ರಿಯ ಕಡಿತ ತಾಳಲಾರದೆ ಎಷ್ಟೋ ಕೋಳಿ ಗೂಡನ್ನೇ ಬಿಟ್ಟು ಹೋಗುತ್ತವೆ.

ಏಳನೆಯ ರಾತ್ರಿ ಟಾರ್ಚಿನ ಮುಂದೆ ಹಿಡಿದರೆ ಜೀವವಿರುವ ಮೊಟ್ಟೆಯಲ್ಲಿ ರಕ್ತನಾಳಗಳು ಜೇಡರಬಲೆಯಂತೆ ಕಾಣುತ್ತವೆ. ತಿಳಿಯಾಗಿಯೇ ಉಳಿದದ್ದು ಬಂಜೆ, ತೆಗೆದುಬಿಡಿ. ಕೊಳೆತು ಒಡೆದರೆ ಉಳಿದವೂ ಕೆಡುತ್ತವೆ. ಹದಿನೆಂಟನೆಯ ದಿನದಿಂದ ಮುಟ್ಟಬೇಡಿ. ಇಪ್ಪತ್ತನೆಯ ದಿನ ಚಿಪ್ಪಿನೊಳಗಿಂದ ಮರಿ ಚಿಲಿಗುಟ್ಟುತ್ತದೆ, ಹೇಂಟೆ ಮೆಲುದನಿಯಲ್ಲಿ ಮರುನುಡಿಯುತ್ತದೆ. ಇಪ್ಪತ್ತೊಂದಕ್ಕೆ ಒಡೆಯುತ್ತವೆ. ಚಿಪ್ಪು ಬಿಡಿಸಿ ನೆರವಾಗಲು ಹೋದರೆ ರಕ್ತ ಸೋರಿ ಮರಿ ಸಾಯಬಹುದು. ಹೊಟ್ಟೆಯೊಳಗೆ ಹೀರಿಕೊಂಡ ಹಳದಿಯಿಂದ ಮರಿಗೆ ಎರಡು ದಿನ ಆಹಾರವಿಲ್ಲದಿದ್ದರೂ ನಡೆಯುತ್ತದೆ. ಹಿಂದುಳಿದ ಮೊಟ್ಟೆಗಳಿಗಾಗಿ ಹೇಂಟೆ ಅಷ್ಟು ಹೊತ್ತು ಕಾಯಬಲ್ಲದು.

ಮರಿ ಕಡಿಮೆ ಬಂದರೆ ಕೇಂದ್ರದಿಂದ ತಂದ ಒಂದು ದಿನದ ಗಿರಿರಾಜ ಮರಿಗಳನ್ನು ಆ ರಾತ್ರಿಯೇ ಕತ್ತಲಲ್ಲಿ ರೆಕ್ಕೆಯಡಿ ಸೇರಿಸಿ. ಬೆಳಗಾಗುವಷ್ಟರಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡಿರುತ್ತದೆ. ಮೊದಲ ವಾರ ತಾಯಿ ಮರಿಗಳನ್ನು ಬಿದಿರಿನ ಮಂಕರಿಯಡಿ ಮುಚ್ಚಿ ಹದ್ದು ಕಾಗೆಗಳಿಂದ ಕಾಪಾಡಿ. ನುಚ್ಚು, ರಾಗಿ, ಆಳವಿಲ್ಲದ ತಟ್ಟೆಯಲ್ಲಿ ನೀರು ಕೊಡಿ. ಐದರಿಂದ ಏಳನೆಯ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯ ಹನಿ ಹಾಕಿಸಿ, ಊರಿನ ಮರಿಗಳನ್ನೆಲ್ಲ ಒಮ್ಮೆಗೇ ಒಯ್ಯುವ ರೋಗ ಅದು. ಆರರಿಂದ ಎಂಟು ವಾರಕ್ಕೆ ಹೇಂಟೆ ಮರಿಗಳನ್ನು ಕುಕ್ಕಿ ದೂರಮಾಡುತ್ತದೆ. ಅಷ್ಟರಲ್ಲಿ ಅದರ ಮೈ ಸಾಕಷ್ಟು ಇಳಿದಿರುವುದರಿಂದ ಮತ್ತೆ ಮೊಟ್ಟೆಯಿಡುವ ಮುನ್ನ ಕಾಳಿನ ಜೊತೆಗೆ ಕಡಲೆಹಿಂಡಿ, ಸೊಪ್ಪು, ಪುಡಿಮಾಡಿದ ಮೊಟ್ಟೆಚಿಪ್ಪು ಕೊಡುತ್ತಿರಬೇಕು.