ಫ್ರಿಜ್ ಇಲ್ಲದೆ ಐಸ್: ಬಿಸಿಯನ್ನು ಎಲ್ಲಿಗೆ ಕಳಿಸುವುದು?

ಫ್ರಿಜ್ ಇಲ್ಲದೆ ಮನೆಯಲ್ಲೇ ಐಸ್ ಮಾಡುವ ಉಪಾಯಗಳಿಗೆ ಬರವಿಲ್ಲ. ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಕೆಳಗಿಡಿ ಎನ್ನುವವರಿದ್ದಾರೆ, ಬಕೆಟ್ ನೀರಿಗೆ ಯೂರಿಯಾ ಸುರಿದು ಅದರಲ್ಲಿ ಬಾಟಲಿ ಮುಳುಗಿಸಿ ಎನ್ನುವವರಿದ್ದಾರೆ, ಒಂದು ಹಿಡಿ ಕಲ್ಲುಪ್ಪಿದ್ದರೆ ಸಾಕು ಎಂದು ವಿಡಿಯೊ ಮಾಡಿ ತೋರಿಸುವವರೂ ಇದ್ದಾರೆ. ಇವು ಯಾವುವೂ ಪೂರಾ ಸುಳ್ಳಲ್ಲ. ನೀರು ತಣ್ಣಗಾಗುವುದು ನಿಜ. ಆದರೆ ತಣ್ಣಗಾಗುವುದೇ ಬೇರೆ, ಹೆಪ್ಪುಗಟ್ಟುವುದೇ ಬೇರೆ. 25 ಡಿಗ್ರಿ ಸೆಲ್ಸಿಯಸ್‌ನ ಒಂದು ಗ್ರಾಂ ನೀರನ್ನು ಸೊನ್ನೆಗೆ ಇಳಿಸಲು ಅದರಿಂದ ಸುಮಾರು 105 ಜೂಲ್ ಶಾಖ ತೆಗೆದರೆ ಸಾಕು. ಸೊನ್ನೆಗೆ ಬಂದ ಆ ನೀರು ಗಡ್ಡೆಯಾಗಬೇಕಾದರೆ ಇನ್ನೂ 334 ಜೂಲ್ ತೆಗೆಯಬೇಕು. ಅಷ್ಟು ತೆಗೆದು ಮುಗಿಯುವವರೆಗೆ ಥರ್ಮಾಮೀಟರಿನ ಮಟ್ಟ ಒಂದಿಷ್ಟೂ ಕದಲುವುದಿಲ್ಲ. ಮನೆಮದ್ದಿನಂಥ ಉಪಾಯಗಳೆಲ್ಲ ಸೋಲುವುದು ಈ ಘಟ್ಟದಲ್ಲೇ. ತಂಪು ಎನ್ನುವುದನ್ನು ಯಾರೂ ತಯಾರಿಸಲಾರರು, ಬಿಸಿಯನ್ನು ಹೊರಗೆ ಸಾಗಿಸಬಹುದಷ್ಟೆ. ಫ್ರಿಜ್ ಅದನ್ನು ತನ್ನ ಬೆನ್ನ ಹಿಂದಿನ ಕೊಳವೆಗಳ ಮೂಲಕ ಅಡುಗೆಮನೆಯ ಗಾಳಿಗೆ ಬಿಡುತ್ತದೆ. ಫ್ರಿಜ್ ಇಲ್ಲದವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಬಿಸಿಯನ್ನು ಕಳಿಸುವುದೆಲ್ಲಿಗೆ? ನಮ್ಮ ಕೈಗೆಟುಕುವ ಜಾಗಗಳಲ್ಲಿ ಪುಕ್ಕಟೆಯಾಗಿ ಅದನ್ನು ತೆಗೆದುಕೊಳ್ಳುವಷ್ಟು ತಣ್ಣಗಿರುವುದು ಒಂದೇ ಒಂದು. ಅದು ತಲೆಯ ಮೇಲಿನ ರಾತ್ರಿಯ ಆಕಾಶ.

ಮೊದಲು ಯೂರಿಯಾದ ಲೆಕ್ಕ ನೋಡೋಣ. ಕೆಲವು ಪದಾರ್ಥಗಳು ನೀರಿನಲ್ಲಿ ಕರಗುವಾಗ ಸುತ್ತಲ ಶಾಖವನ್ನು ಹೀರಿಕೊಳ್ಳುತ್ತವೆ. ಮೊಗಲರ ಕಾಲದಲ್ಲೇ ಇದು ಬಳಕೆಯಲ್ಲಿತ್ತು. ಪೆಟ್ಲುಪ್ಪಿನಿಂದ ನೀರು ತಂಪು ಮಾಡುವ ಕ್ರಮವನ್ನು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಅಳತೆ ಸಮೇತ ಕೊಡುತ್ತಾನೆ: ಲೋಹದ ಹೂಜಿಯಲ್ಲಿ ಒಂದು ಸೇರು ಕುಡಿಯುವ ನೀರು, ಹೊರಗಿನ ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು, ಕಾಲು ಗಂಟೆ ಹೂಜಿಯನ್ನು ಅದರಲ್ಲಿ ಆಡಿಸುವುದು. ಇಷ್ಟೆಲ್ಲ ಮಾಡಿದರೆ ಸಿಗುವುದು ಒಂದು ಸೇರು ತಣ್ಣೀರು. ಗಡ್ಡೆ ಸಿಗುತ್ತದೆಂದು ಅವನು ಹೇಳುವುದೇ ಇಲ್ಲ. ಅಕ್ಬರನ ದರಬಾರು ಪಂಜಾಬಿಗೆ ಹೋದ ಮೇಲೆ, 1586ರಿಂದೀಚೆಗೆ, ಹಿಮವನ್ನು ಬೆಟ್ಟಗಳಿಂದಲೇ ತರಿಸತೊಡಗಿದರು. ಪೆಟ್ಲುಪ್ಪಿನ ತೊಡಕು ಸರಳ: ನೀರು ತಣ್ಣಗಾದಷ್ಟೂ ಅದು ಕರಗುವುದು ಕಡಿಮೆಯಾಗುತ್ತದೆ. 30 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 46 ಗ್ರಾಂ ಕರಗಿದರೆ, ಸೊನ್ನೆಯಲ್ಲಿ ಕರಗುವುದು ಬರೀ 13 ಗ್ರಾಂ. ಯೂರಿಯಾಕ್ಕೆ ಈ ತೊಡಕಿಲ್ಲ, ಅದು ತಣ್ಣೀರಿನಲ್ಲೂ ಧಾರಾಳವಾಗಿ ಕರಗುತ್ತದೆ. ಆದರೆ ಒಂದು ಗ್ರಾಂ ಯೂರಿಯಾ ಹೀರುವ ಶಾಖ ಸುಮಾರು 250 ಜೂಲ್, ಒಂದು ಗ್ರಾಂ ನೀರನ್ನು ಐಸ್ ಮಾಡಲು ಬೇಕಾದದ್ದು 439. ಎಂದರೆ ಗ್ರಾಂ ಐಸಿಗೆ ಎರಡು ಗ್ರಾಂನಷ್ಟು ಯೂರಿಯಾ. ಅದೂ ಬಕೆಟ್ಟಿನ ದ್ರಾವಣ, ಬಕೆಟ್ಟು, ಬಾಟಲಿ ಯಾವುದೂ ತಮ್ಮ ಪಾಲಿನ ತಂಪನ್ನು ಕೇಳದಿದ್ದರೆ! ಹೊಲಕ್ಕೆಂದು ಸರ್ಕಾರ ಸಬ್ಸಿಡಿ ಕೊಟ್ಟ ಗೊಬ್ಬರವನ್ನು ಹೀಗೆ ಸುರಿಯುವುದರಲ್ಲಿ ಜಾಣತನ ಕಾಣುವುದಿಲ್ಲ. ಇನ್ನೂ ಚೆನ್ನಾಗಿ ಕೆಲಸ ಮಾಡುವ ಅಮೋನಿಯಂ ನೈಟ್ರೇಟ್ ಸ್ಫೋಟಕದ ಕಚ್ಚಾವಸ್ತು. 2012ರ ನಿಯಮಗಳ ಪ್ರಕಾರ ಅದು ಪರವಾನಗಿಯಿಲ್ಲದೆ ಸಿಗುವಂಥದ್ದಲ್ಲ. ಕಲ್ಲುಪ್ಪಿನ ಮಾತು ಒಂದೇ ವಾಕ್ಯದ್ದು: ಐಸಿಗೆ ಉಪ್ಪು ಬೆರೆಸಿದರೆ ಮೈನಸ್ 21 ಡಿಗ್ರಿಯವರೆಗೆ ಇಳಿಸಬಹುದು, ಕುಲ್ಫಿಯೂ ಆಗುತ್ತದೆ, ಆದರೆ ಅದಕ್ಕೆ ಮೊದಲು ಐಸ್ ಬೇಕು.

ಆವಿಯಾಗುವಿಕೆಯ ಕಥೆ ಇನ್ನೂ ಸ್ವಾರಸ್ಯದ್ದು, ಯಾಕೆಂದರೆ ಕಾಗದದ ಮೇಲೆ ಅದು ಗೆಲ್ಲಲೇಬೇಕು. ಸೊನ್ನೆ ಡಿಗ್ರಿಯ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2500 ಜೂಲ್ ಕೊಂಡೊಯ್ಯುತ್ತದೆ. ಅಷ್ಟರಲ್ಲಿ ಏಳು ಗ್ರಾಂ ನೀರು ಹೆಪ್ಪುಗಟ್ಟಬಹುದು. ಆದರೂ ಬೇಸಿಗೆಯ ಮಡಕೆಯಲ್ಲಿ ಯಾರೂ ಐಸ್ ಕಂಡಿಲ್ಲ. ನೀರು ತಣ್ಣಗಾದಂತೆ ಆವಿಯಾಗುವ ವೇಗ ಕುಸಿಯುತ್ತದೆ, ಅದೇ ಹೊತ್ತಿಗೆ ಸುತ್ತಲ ಬೆಚ್ಚಗಿನ ಗಾಳಿಯಿಂದ ಒಳಬರುವ ಶಾಖ ಏರುತ್ತದೆ. ಎರಡೂ ಸರಿಸಮವಾದಲ್ಲಿಗೆ ಮಡಕೆ ನಿಂತುಬಿಡುತ್ತದೆ. ಫ್ಯಾನ್ ಹಾಕಿದರೆ ಎರಡೂ ಒಟ್ಟಿಗೆ ಹೆಚ್ಚುವುದರಿಂದ ಆ ಮಟ್ಟಕ್ಕೆ ಬೇಗ ತಲುಪಬಹುದೇ ಹೊರತು ಅದರ ಕೆಳಗೆ ಹೋಗಲಾಗದು. ಈ ಮಟ್ಟ ಎಲ್ಲಿದೆ ಎಂದು ಲೆಕ್ಕ ಹಾಕಿದರೆ, ಗಾಳಿ ಸುಮಾರು 10 ಡಿಗ್ರಿಗಿಂತ ಬೆಚ್ಚಗಿದ್ದಲ್ಲಿ, ಅದರಲ್ಲಿ ತೇವಾಂಶ ಒಂದು ಹನಿಯೂ ಇಲ್ಲದಿದ್ದರೂ ಬರೀ ಆವಿಯಾಗುವಿಕೆಯಿಂದ ನೀರು ಗಡ್ಡೆಯಾಗುವಂತಿಲ್ಲ. ಗಾಳಿ 5 ಡಿಗ್ರಿಗೆ ಇಳಿದರೂ ಆರ್ದ್ರತೆ ಶೇಕಡ 32ಕ್ಕಿಂತ ಕಡಿಮೆಯಿರಬೇಕು. ಗಾಳಿಯನ್ನೇ ತೆಗೆದುಹಾಕಿದರೆ ಈ ಅಡ್ಡಿ ಇರದು: 1810ರಲ್ಲಿ ಎಡಿನ್‌ಬರೋದ ಜಾನ್ ಲೆಸ್ಲಿ ನಿರ್ವಾತ ಪಂಪಿನೊಳಗೆ ನೀರನ್ನೂ, ಆವಿ ಹೀರಲು ಗಂಧಕಾಮ್ಲವನ್ನೂ ಇಟ್ಟು ಐಸ್ ಮಾಡಿ ತೋರಿಸಿದ. ಒತ್ತಡ ವಾತಾವರಣದ ನೂರರವತ್ತನೇ ಒಂದು ಭಾಗಕ್ಕಿಂತ ಕೆಳಗಿಳಿಯಬೇಕು. ಅಡುಗೆಮನೆಯಲ್ಲಿ ಅದು ಆಗುವ ಮಾತಲ್ಲ.

ಹೀಗಿರುವಾಗ, ಹಿಮವೇ ಬೀಳದ ಗಂಗಾ ಬಯಲಿನಲ್ಲಿ ಮಣ್ಣಿನ ತಟ್ಟೆ, ಒಣ ದಂಟು, ಬಾವಿಯ ನೀರು, ಇಷ್ಟನ್ನೇ ಇಟ್ಟುಕೊಂಡು ಜನ ಐಸ್ ಮಾಡುತ್ತಿದ್ದರು ಎಂಬ ಸುದ್ದಿ ಲಂಡನ್ನಿನವರಿಗೆ ಒಗಟಾದದ್ದು ಸಹಜ. ಬಂಗಾಳದ ಸೇನಾಧಿಪತಿಯಾಗಿದ್ದ ರಾಬರ್ಟ್ ಬಾರ್ಕರ್ ಅಲಹಾಬಾದಿನಲ್ಲಿ ಕಂಡದ್ದನ್ನು 1775ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಬಯಲಿನಲ್ಲಿ ಸುಮಾರು 30 ಅಡಿ ಚೌಕದ, ಎರಡು ಅಡಿ ಆಳದ ಗುಂಡಿ. ಅದರ ತಳಕ್ಕೆ ಕಬ್ಬಿನ ಅಥವಾ ಮೆಕ್ಕೆಜೋಳದ ಒಣಗಿದ ದಂಟನ್ನು ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಹಾಸುತ್ತಿದ್ದರು. ಅದರ ಮೇಲೆ ಹತ್ತಿರ ಹತ್ತಿರ ಸಾಲುಸಾಲಾಗಿ ಇಟ್ಟ, ಮೆರುಗು ಕೊಡದ ಮಣ್ಣಿನ ತಟ್ಟೆಗಳು: ಕಾಲಂಗುಲ ದಪ್ಪ, ಒಂದೂಕಾಲು ಅಂಗುಲ ಆಳ. ಮುಸ್ಸಂಜೆಗೆ ನೀರು ತುಂಬಿದರೆ ಸೂರ್ಯ ಹುಟ್ಟುವ ಮೊದಲು ಗಡ್ಡೆ ಒಡೆದು, ಹುಲ್ಲು ಕಂಬಳಿ ಹೊದಿಸಿದ ಆಳವಾದ ಹೊಂಡಕ್ಕೆ ಸಾಗಿಸುವುದು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಈ ಕೆಲಸ. ಹೊಂಡದಲ್ಲಿ ಶೇಖರವಾದ ಐಸ್ ಬೇಸಿಗೆಗೆ. ಅದೇ ಊರಿನ ಕೊಳ, ತೊಟ್ಟಿಗಳಲ್ಲಿ ತಾನಾಗಿ ಕಟ್ಟಿದ ಐಸನ್ನು ಕಂಡವರು ತೀರಾ ವಿರಳ ಎನ್ನುತ್ತಾನೆ ಬಾರ್ಕರ್. ಕುದಿಸಿ ಆರಿಸಿದ ನೀರನ್ನೇ ಹಾಕುತ್ತಿದ್ದರೆಂಬ ಅವನ ಮಾತು ರಸಾಯನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್‌ನನ್ನು ಕೆಣಕಿ, ಅವನು ಅದೇ ವರ್ಷ ಆ ಬಗ್ಗೆಯೇ ಪ್ರಯೋಗ ಮಾಡಿ ಒಂದು ಪ್ರಬಂಧ ಬರೆದ. ಆದರೆ ಅಲಹಾಬಾದಿನ ಒಗಟಿನ ತಿರುಳು ಅದಲ್ಲ.

ಬಾರ್ಕರ್ ಮತ್ತು ಅವನ ನಂತರದ ಹಲವರು ಇದು ಆವಿಯಾಗುವಿಕೆಯ ಚಮತ್ಕಾರವೆಂದೇ ನಂಬಿದರು. ತಟ್ಟೆ ಜಿನುಗುತ್ತದೆ, ನೀರು ಆವಿಯಾಗುತ್ತದೆ, ತಂಪಾಗುತ್ತದೆ. ಮಡಕೆ ಕಂಡವರಿಗೆಲ್ಲ ಮೊದಲು ಹೊಳೆಯುವ ವಿವರಣೆ. ಅದನ್ನು ಮುರಿದವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್, 1814ರಲ್ಲಿ ಇಬ್ಬನಿಯ ಬಗ್ಗೆ ಬರೆದ ಪ್ರಬಂಧದಲ್ಲಿ. ಅವನು ಭಾರತಕ್ಕೆ ಬಂದವನಲ್ಲ. ಬಾರ್ಕರ್ ಬರೆದದ್ದನ್ನೂ 1793ರಲ್ಲಿ ಬನಾರಸಿನಿಂದ ಬಂದ ಮತ್ತೊಂದು ವರದಿಯನ್ನೂ ಎದುರಿಗಿಟ್ಟುಕೊಂಡು, ಐಸ್ ಮಾಡುವವರು ಏನನ್ನು ಜತನದಿಂದ ನೋಡಿಕೊಳ್ಳುತ್ತಿದ್ದರು ಎಂಬುದನ್ನು ಗಮನಿಸಿದ. ಹಾಸಿದ ಹುಲ್ಲು ಒಣಗಿರಬೇಕಿತ್ತು. ಆವಿಯಾಗುವುದೇ ಕಾರಣವಾಗಿದ್ದರೆ ಒದ್ದೆ ಹುಲ್ಲು ಇನ್ನೂ ಒಳ್ಳೆಯದಾಗಬೇಕಿತ್ತಲ್ಲ? ಗಾಳಿ ಬೀಸುವ ರಾತ್ರಿಗಳಲ್ಲಿ ಐಸ್ ಕಟ್ಟುತ್ತಿರಲಿಲ್ಲ. ಗಾಳಿ ಬೀಸಿದರೆ ಆವಿ ಹೆಚ್ಚಾಗುತ್ತದೆ ಎಂಬುದು ಬಟ್ಟೆ ಒಣಹಾಕಿದ ಯಾರಿಗೂ ಗೊತ್ತು. ಮೋಡ ಕವಿದರೂ ಕೆಲಸ ಕೆಡುತ್ತಿತ್ತು, ಆಕಾಶ ತಿಳಿಯಾಗಿದ್ದು ಗಾಳಿ ನಿಂತಿದ್ದರೆ ಗಡ್ಡೆ ದಪ್ಪವಾಗುತ್ತಿತ್ತು. ಆವಿಗೆ ಅನುಕೂಲವಾದದ್ದೆಲ್ಲ ಐಸಿಗೆ ಪ್ರತಿಕೂಲ! ಹಾಗಾದರೆ ನೀರಿನ ಶಾಖ ಹೋಗುತ್ತಿದ್ದದ್ದು ಮೇಲಕ್ಕೆ, ವಿಕಿರಣವಾಗಿ ಎಂದು ವೆಲ್ಸ್ ತೀರ್ಮಾನಿಸಿದ. ಒಣ ಹುಲ್ಲು ನೆಲದ ಬಿಸಿ ತಟ್ಟೆಗೆ ಏರದಂತೆ ತಡೆಯುತ್ತಿತ್ತು. ನಿಂತ ಗಾಳಿ ಸುತ್ತಲಿನ ಬಿಸಿಯನ್ನು ಮತ್ತೆ ಮತ್ತೆ ತಂದು ಸುರಿಯುತ್ತಿರಲಿಲ್ಲ. ತಗ್ಗಾದ ಗುಂಡಿ ಆ ಗಾಳಿ ಕದಲದಂತೆ ಕಾಯುತ್ತಿತ್ತು. ಬಹಳ ಒಣ ರಾತ್ರಿಗಳಲ್ಲಿ ಆವಿಯದೂ ಒಂದು ಪಾಲು ಇದ್ದಿರಬಹುದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಇಬ್ಬನಿ ಬೀಳುವ ರಾತ್ರಿಯಲ್ಲಿ ತಣ್ಣಗಿನ ನೀರಿನ ಮೇಲೆ ಗಾಳಿಯ ತೇವವೇ ಬಂದು ಕೂರುತ್ತದೆ. ಆಗ ಆವಿಯಾಗುವಿಕೆ ತಂಪು ಮಾಡುವುದಿರಲಿ, ಉಲ್ಟಾ ನಡೆದು ಬಿಸಿ ಸೇರಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನೀರಿನ ಮೇಲಿರುವುದು ಆಕಾಶವಲ್ಲ, ಗಾಳಿ; ಗಾಳಿ ನೀರಿಗಿಂತ ಬೆಚ್ಚಗಿದೆ; ಬಿಸಿಯಾದದ್ದರ ಕಡೆಗೆ ಶಾಖ ತಾನಾಗಿ ಹರಿಯುವುದಿಲ್ಲ; ಹಾಗಾದರೆ ತಟ್ಟೆಯ ನೀರು ಗಾಳಿಗಿಂತ ತಣ್ಣಗಾಗುವುದು ಹೇಗೆ? ಆಕ್ಷೇಪ ಗಟ್ಟಿಯಾಗಿದೆ. ಉತ್ತರವಿರುವುದು ಗಾಳಿಯ ಒಂದು ವಿಚಿತ್ರ ಗುಣದಲ್ಲಿ: ಅದು ಎಲ್ಲ ಬಗೆಯ ಅವಗೆಂಪು ಕಿರಣಗಳಿಗೂ ಗೋಡೆಯಲ್ಲ. ಸೊನ್ನೆ ಡಿಗ್ರಿಯ ವಸ್ತು ಅತಿ ಹೆಚ್ಚು ಹೊಮ್ಮಿಸುವ ಕಿರಣದ ತರಂಗಾಂತರ ಸುಮಾರು 10.6 ಮೈಕ್ರಾನ್. ವಾತಾವರಣ 8ರಿಂದ 13 ಮೈಕ್ರಾನ್ ನಡುವಿನ ಕಿರಣಗಳನ್ನು ಬಹುಮಟ್ಟಿಗೆ ತಡೆಯದೆ ಬಿಡುತ್ತದೆ. ತಟ್ಟೆಯ ನೀರು ಹೊಮ್ಮಿಸಿದ್ದರಲ್ಲಿ ಒಂದು ಭಾಗ ಮೇಲಿನ ಅತಿ ಶೀತದ ಪದರಗಳಿಗೂ, ಅದನ್ನೂ ದಾಟಿ ಬಾಹ್ಯಾಕಾಶಕ್ಕೂ ಹೋಗುತ್ತದೆ, ನಡುವಿನ ಬೆಚ್ಚಗಿನ ಗಾಳಿಯನ್ನು ಮುಟ್ಟದೆಯೇ. ಶಾಖ ಬಿಸಿಯಿಂದ ತಣ್ಣಗಿನ ಕಡೆಗೇ ಹೋಯಿತು, ನಿಯಮವೇನೂ ಮುರಿಯಲಿಲ್ಲ. ಮೋಡವಿದ್ದರೆ ಈ ಕಿಂಡಿ ಮುಚ್ಚುತ್ತದೆ, ಗಾಳಿಯಲ್ಲಿ ನೀರಾವಿ ಹೆಚ್ಚಿದ್ದರೆ ಕಿರಿದಾಗುತ್ತದೆ.

ಎಷ್ಟು ಹೋಗುತ್ತದೆ? ಸೊನ್ನೆ ಡಿಗ್ರಿಯ ನೀರು ಪ್ರತಿ ಚದರ ಮೀಟರಿಗೆ ಸುಮಾರು 300 ವ್ಯಾಟ್ ಹೊಮ್ಮಿಸುತ್ತದೆ. ಗಾಳಿ 5 ಡಿಗ್ರಿಯಲ್ಲಿದ್ದು ಆಕಾಶ ತಿಳಿಯಾಗಿ, ಒಣಗಿ ಇದ್ದರೆ ಹಿಂದಕ್ಕೆ ಬರುವುದು ಸುಮಾರು 230. ಗಾಳಿಯ ಸ್ಪರ್ಶದಿಂದ ಇನ್ನೊಂದು 20–25 ವ್ಯಾಟ್ ಮರಳುತ್ತದೆ. ಉಳಿಯುವ ನಿವ್ವಳ ನಷ್ಟ 50 ವ್ಯಾಟ್ ಅಂದುಕೊಳ್ಳೋಣ. ಹತ್ತು ಗಂಟೆಗಳಲ್ಲಿ ಅದು ಹೆಪ್ಪುಗಟ್ಟಿಸಬಲ್ಲದ್ದು ಐದಾರು ಮಿಲಿಮೀಟರ್ ದಪ್ಪದ ಐಸ್, ಅದಕ್ಕಿಂತ ಹೆಚ್ಚಲ್ಲ. ಅದರಲ್ಲೂ ಸಂಜೆಯ ನೀರನ್ನು ಸೊನ್ನೆಗೆ ಇಳಿಸುವ ಖರ್ಚು ಕಳೆಯಬೇಕು. ತಟ್ಟೆಗಳು ಯಾಕೆ ಅಷ್ಟು ಚಪ್ಪಟೆ, ಗುಂಡಿ ಯಾಕೆ ಅಷ್ಟು ವಿಶಾಲ, ಪಕ್ಕದ ಕೊಳ ಯಾಕೆ ಹೆಪ್ಪುಗಟ್ಟಲಿಲ್ಲ ಎಂಬುದಕ್ಕೆಲ್ಲ ಈ ಒಂದು ಲೆಕ್ಕದಲ್ಲಿ ಉತ್ತರವಿದೆ. ಗಾಳಿ 10 ಡಿಗ್ರಿಗೆ ಏರಿದರೆ ಹೋಗುವುದೂ ಬರುವುದೂ ಹೆಚ್ಚುಕಡಿಮೆ ಸಮನಾಗಿ ಆಟ ಮುಗಿಯುತ್ತದೆ.

ಇಷ್ಟು ತೆಳು ಐಸಿಗಾಗಿ ಇಷ್ಟು ಪಾಡೇಕೆ, ಅಂಗಡಿಯಲ್ಲಿ ಸಿಗುವುದಿಲ್ಲವೇ ಎನ್ನಬಹುದು. ಹಾಗೆ ಕೇಳಿದವರು ಹಿಂದೆಯೂ ಇದ್ದರು: 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕೆರೆಯ ಐಸನ್ನು 'ಟಸ್ಕನಿ' ಹಡಗಿನಲ್ಲಿ ಕಲ್ಕತ್ತಕ್ಕೆ ಕಳಿಸಿದಾಗಿನಿಂದ ಬಂಗಾಳದ ತಟ್ಟೆಗಳಿಗೆ ಕೆಡುಗಾಲ ಶುರುವಾಯಿತು. ವ್ಯಾಪಾರವಾಗಿ ಈ ವಿದ್ಯೆ ಸತ್ತದ್ದು ನ್ಯಾಯವೇ. ಆದರೆ ತತ್ವ ಸಾಯಲಿಲ್ಲ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಆಸ್ವತ್ ರಾಮನ್, ಶಾನ್‌ಹುಯಿ ಫ್ಯಾನ್ ಮತ್ತವರ ಸಂಗಡಿಗರು ಸಿಲಿಕಾ ಮತ್ತು ಹಾಫ್ನಿಯಂ ಆಕ್ಸೈಡಿನ ಏಳು ಪದರಗಳ ಒಂದು ಫಲಕ ಮಾಡಿದರು. ಅದು ಬಿಸಿಲನ್ನು ಹಿಂದಕ್ಕೆ ಹೊಡೆದು, ಅದೇ ಕಿಂಡಿಯಲ್ಲಿ ಶಾಖ ಹೊರಹಾಕಿ, ನೆತ್ತಿಯ ಬಿಸಿಲಿನಲ್ಲೂ ಗಾಳಿಗಿಂತ ಸುಮಾರು 5 ಡಿಗ್ರಿ ತಣ್ಣಗಿತ್ತು. ಕರೆಂಟು ಸುಡದೆ ಚಾವಣಿ ತಂಪಾಗಿಡುವ ಹಾದಿ ಅದು.

ಹಾಗಾದರೆ ಕರ್ನಾಟಕದ ತಾರಸಿಯಲ್ಲಿ ಐಸ್ ಆಗುತ್ತದೆಯೇ? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ; ಈಗಿನ ಜನವರಿಯ ರಾತ್ರಿಗಳು ಸಾಮಾನ್ಯವಾಗಿ ಅದರ ಇಮ್ಮಡಿ ಬೆಚ್ಚಗಿರುತ್ತವೆ, ಅಲ್ಲಿ ಆಗದು. ಮಂಗಳೂರಿನ ತೇವದಲ್ಲಿ ಮೊದಲೇ ಆಗದು. ಬೀದರ್, ವಿಜಯಪುರದ ಕಡೆ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ಚಳಿಗಾಲಗಳಲ್ಲಿ, ಗಾಳಿ ನಿಂತು ಆಕಾಶ ಒಣಗಿದ್ದರೆ, ತಟ್ಟೆಯ ಅಂಚಿನಲ್ಲಿ ಒಂದು ಪೊರೆ ಕಟ್ಟಬಹುದು. ಪ್ರಯತ್ನಿಸುವವರು ಹುಲ್ಲಿನ ಬದಲು ಥರ್ಮೋಕೋಲ್ ಪೆಟ್ಟಿಗೆ ಇಟ್ಟು, ಪಕ್ಕದ ಗೋಡೆ ಮರಗಳು ತಟ್ಟೆಗೆ 'ಕಾಣದಂತೆ' ಸುತ್ತ ಅಲ್ಯೂಮಿನಿಯಂ ಫಾಯಿಲ್ ನಿಲ್ಲಿಸಲಿ. ಮೇಲೆ ಗಾಜು ಮುಚ್ಚಬಾರದು, ಈ ಕಿರಣಗಳಿಗೆ ಗಾಜು ಗೋಡೆಯೇ ಸರಿ. ತಟ್ಟೆಯ ಬಣ್ಣ ಯಾವುದಾದರೂ ಒಂದೇ, ಹೊಮ್ಮಿಸುವುದು ನೀರಿನ ಮೈ. ಐಸ್ ಕಟ್ಟದ ಊರಿನವರಿಗೆ ಬಾರ್ಕರ್–ವೆಲ್ಸ್ ವ್ಯಾಜ್ಯವನ್ನು ತಾರಸಿಯಲ್ಲೇ ತೀರಿಸುವ ದಾರಿಯಿದೆ. ಒಂದೇ ತೆರನಾದ ಮೂರು ತಟ್ಟೆಗಳಿಗೆ ಬೆರಳ ದಪ್ಪಕ್ಕಿಂತ ಕಡಿಮೆ ನೀರು ಹಾಕಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದಕ್ಕೆ ಮೈತುಂಬ ಹರಡುವಷ್ಟು ಸೂರ್ಯಕಾಂತಿ ಎಣ್ಣೆ ಹೊಯ್ಯಿರಿ, ಮೂರನೆಯದನ್ನೂ ಹಾಗೆಯೇ ಎಣ್ಣೆ ಹೊಯ್ದು ಸಜ್ಜಾದ ಕೆಳಗಿಡಿ. ಎಣ್ಣೆಯ ಪದರ ನೀರು ಆವಿಯಾಗಲು ಬಿಡದು, ಶಾಖ ಹೊಮ್ಮುವುದನ್ನು ತಡೆಯದು. ಬೆಳಗಿನ ಐದು ಗಂಟೆಗೆ ಮೂರಕ್ಕೂ ಥರ್ಮಾಮೀಟರ್ ಅದ್ದಿ, ಗಾಳಿಯ ತಾಪಮಾನದ ಪಕ್ಕ ಬರೆದುಕೊಳ್ಳಿ. ಆಕಾಶ ಕಾಣದ ಸಜ್ಜಾದ ಕೆಳಗಿನ ತಟ್ಟೆ ಗಾಳಿಯ ಆಸುಪಾಸಿನಲ್ಲೇ ಇರಬೇಕು. ಬಯಲಲ್ಲಿಟ್ಟ ಎಣ್ಣೆಯ ತಟ್ಟೆ ಅದಕ್ಕಿಂತ ಎಷ್ಟು ಡಿಗ್ರಿ ಕೆಳಗಿದೆಯೋ ಅಷ್ಟೂ ಆಕಾಶದ ಲೆಕ್ಕ. ಎಣ್ಣೆಯಿಲ್ಲದ ತಟ್ಟೆ ಬಯಲಿನ ಎಣ್ಣೆಯ ತಟ್ಟೆಗಿಂತಲೂ ತಣ್ಣಗಿದ್ದರೆ, ಆ ಹೆಚ್ಚಿನದಷ್ಟೇ ಆವಿಯದು.