ರೈಲು ಬಂದರೆ ಸಾಲದು, ನಿಲ್ದಾಣಕ್ಕೆ ದಾರಿಯೂ ಬೇಕು

ಬೆಂಗಳೂರು ಉಪನಗರ ರೈಲು ಯೋಜನೆಗೆ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿದ್ದು 2020ರ ಅಕ್ಟೋಬರ್‌ನಲ್ಲಿ. ನಾಲ್ಕು ಮಾರ್ಗ, 148 ಕಿ.ಮೀ. ಉದ್ದ, 57 ನಿಲ್ದಾಣ ಹಾಗೂ 15,767 ಕೋಟಿ ರೂಪಾಯಿ ವೆಚ್ಚದ ಈ ಯೋಜನೆ ಆರು ವರ್ಷಗಳಲ್ಲಿ ಮುಗಿಯಬೇಕೆಂಬುದು ಅಂದಿನ ನಿರೀಕ್ಷೆಯಾಗಿತ್ತು. ಶಂಕುಸ್ಥಾಪನೆ ನಡೆದದ್ದು 2022ರ ಜೂನ್‌ನಲ್ಲಿ. ಹೂವುಗಳ ಹೆಸರು ಹೊತ್ತ ಈ ಮಾರ್ಗಗಳಲ್ಲಿ ಬೆಂಗಳೂರು ನಗರ ನಿಲ್ದಾಣದಿಂದ ಯಲಹಂಕದ ಮೂಲಕ ದೇವನಹಳ್ಳಿಯವರೆಗಿನ 41 ಕಿ.ಮೀ. ಉದ್ದದ ‘ಸಂಪಿಗೆ’ಯೇ ಮೊದಲನೆಯದು. ಆದರೆ ಕಾಮಗಾರಿಯಲ್ಲಿ ಅದು ‘ಮಲ್ಲಿಗೆ’, ‘ಕನಕ’ಗಳಿಗಿಂತ ಹಿಂದುಳಿಯಿತು.

ರೈಲು ಯಾವಾಗ ಬರುತ್ತದೆ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಿದ್ದಾರೆ, ಕೇಳಬೇಕಾದದ್ದೇ. ಆದರೆ ನಿಲ್ದಾಣ ಎಲ್ಲಿರಬೇಕು, ಜನ ಅಲ್ಲಿಗೆ ಹೇಗೆ ತಲುಪಬೇಕು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಯಾಗುತ್ತಿಲ್ಲ. ದೇವನಹಳ್ಳಿಯಿಂದ ಸುಮಾರು 12 ಕಿ.ಮೀ. ದೂರದಲ್ಲಿರುವ ವಿಜಯಪುರದಂಥ ಊರಿನ ಪಾಲಿಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಊರಿನೊಳಗೆ ಹಳಿಯಿಲ್ಲ, ಸಂಪಿಗೆ ಮಾರ್ಗ ಪೂರ್ಣಗೊಂಡರೂ ಇರುವುದಿಲ್ಲ. ಹಾಗಿದ್ದರೆ ಈ ಯೋಜನೆಯಿಂದ ವಿಜಯಪುರಕ್ಕೆ ಏನು ಲಾಭ?

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ಗಂಟೆಗೆ 5 ಕಿ.ಮೀ. ನಡೆಯುವ ವ್ಯಕ್ತಿ ಕಾಲು ಗಂಟೆಯಲ್ಲಿ ಒಂದೂಕಾಲು ಕಿ.ಮೀ. ಕ್ರಮಿಸುತ್ತಾನೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಸೈಕಲ್ ತುಳಿಯುವವನು ಅದೇ ಅವಧಿಯಲ್ಲಿ ಮುಕ್ಕಾಲು ಕಡಿಮೆ ನಾಲ್ಕಲ್ಲ, ಮೂರೂಮುಕ್ಕಾಲು ಕಿ.ಮೀ. ಸಾಗುತ್ತಾನೆ. ದೂರ ಮೂರು ಪಟ್ಟಾದರೆ ನಿಲ್ದಾಣದ ಸುತ್ತಲಿನ ವಿಸ್ತೀರ್ಣ ಒಂಬತ್ತು ಪಟ್ಟಾಗುತ್ತದೆ. ಅಂದರೆ ಐದು ಚದರ ಕಿ.ಮೀ.ಗೂ ತುಸು ಕಡಿಮೆ ಪ್ರದೇಶಕ್ಕೆ ಸೇವೆ ನೀಡುತ್ತಿದ್ದ ನಿಲ್ದಾಣ 44 ಚದರ ಕಿ.ಮೀ.ಗೆ ಸೇವೆ ನೀಡಬಲ್ಲದು. ರಸ್ತೆಗಳು ನೇರವಾಗಿರುವುದಿಲ್ಲವಾದ್ದರಿಂದ ಎರಡೂ ಅಂಕಿಗಳು ವಾಸ್ತವದಲ್ಲಿ ಕುಗ್ಗುತ್ತವೆ. ಆದರೆ ಅನುಪಾತ ಹೆಚ್ಚು ಬದಲಾಗದು. ಹೊಸ ಹಳಿ ಹಾಕದೆ, ಹೊಸ ನಿಲ್ದಾಣ ಕಟ್ಟದೆ ಬಳಕೆದಾರರನ್ನು ಹೆಚ್ಚಿಸಲು ಇದಕ್ಕಿಂತ ಅಗ್ಗದ ಮಾರ್ಗವನ್ನು ಅರ್ಥಶಾಸ್ತ್ರ ಬಲ್ಲವರು ತೋರಿಸುವುದು ಕಷ್ಟ.

ನಿಲ್ದಾಣಗಳ ಸ್ಥಳ ನಿರ್ಣಯಕ್ಕೂ ಈ ಲೆಕ್ಕಕ್ಕೂ ನೇರ ಸಂಬಂಧವಿದೆ. ಪ್ರತಿ ಬಡಾವಣೆಯೂ ತನ್ನ ಬಾಗಿಲಿಗೆ ನಿಲ್ದಾಣ ಬೇಕೆನ್ನುವುದು ಸಹಜ. ಆದರೆ ಪ್ರತಿ ನಿಲುಗಡೆಗೆ ರೈಲು ವೇಗ ತಗ್ಗಿಸಿ, ನಿಂತು, ಮತ್ತೆ ವೇಗ ಪಡೆಯಲು ಒಂದೆರಡು ನಿಮಿಷ ವ್ಯಯವಾಗುತ್ತದೆ. ಹತ್ತು ನಿಲುಗಡೆ ಹೆಚ್ಚಿದರೆ ದೇವನಹಳ್ಳಿಯಿಂದ ಹೊರಟವರ ಹತ್ತಿಪ್ಪತ್ತು ನಿಮಿಷ ಹಳಿಯ ಮೇಲೆಯೇ ಕಳೆಯುತ್ತದೆ. ನಡೆದು ಬರುವವರನ್ನಷ್ಟೇ ನೆಚ್ಚಿಕೊಂಡರೆ ನಿಲ್ದಾಣಗಳನ್ನು ಒತ್ತೊತ್ತಾಗಿ ಇಡಬೇಕಾಗುತ್ತದೆ. ಸೈಕಲ್ ಸವಾರರನ್ನೂ ಲೆಕ್ಕಕ್ಕೆ ಹಿಡಿದರೆ ಅಂತರ ಹೆಚ್ಚಿಸಿ ವೇಗವನ್ನು ಉಳಿಸಿಕೊಳ್ಳಬಹುದು. ದೂರದಿಂದ ಬರುವವರಿಗೆ ಇದರಿಂದಲೇ ಹೆಚ್ಚು ಅನುಕೂಲ.

ನಿಲ್ದಾಣ ಕಟ್ಟಿದ ಮಾತ್ರಕ್ಕೆ ಪ್ರಯಾಣಿಕರು ಬರುವುದಿಲ್ಲ ಎಂಬುದಕ್ಕೆ ಉದಾಹರಣೆ ಇದೇ ಹಳಿಯ ಮೇಲಿದೆ. 2021ರ ಜನವರಿಯಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಬಳಿ ರೈಲ್ವೆ ಹಾಲ್ಟ್ ಆರಂಭವಾಯಿತು. ಅಲ್ಲಿಂದ ಟರ್ಮಿನಲ್ ತಲುಪಲು ಮತ್ತೊಂದು ವಾಹನ ಹಿಡಿಯಬೇಕು; ದಿನಕ್ಕೆ ಓಡುವ ರೈಲುಗಳೂ ಬೆರಳೆಣಿಕೆಯಷ್ಟು. ಜನ ಅದನ್ನು ನೆಚ್ಚಿಕೊಳ್ಳಲಿಲ್ಲ. ಇನ್ನು ವಿಮಾನ ನಿಲ್ದಾಣದ ಮೆಟ್ರೊ ಮಾರ್ಗದಲ್ಲಿ ಬೆಟ್ಟಹಲಸೂರು ನಿಲ್ದಾಣದ ನಿರ್ಮಾಣವನ್ನು ಖಾಸಗಿ ಕಂಪನಿಯ ಧನಸಹಾಯದ ಒಪ್ಪಂದದೊಂದಿಗೆ ಜೋಡಿಸಲಾಯಿತು. ಹಣ ನೀಡುವವರು ಸ್ವಾಗತಾರ್ಹರೇ. ಆದರೆ ಸಾರ್ವಜನಿಕ ನಿಲ್ದಾಣವೊಂದರ ಅಗತ್ಯವನ್ನು ಸುತ್ತಲಿನ ಹಳ್ಳಿಗಳ ಜನಸಂಖ್ಯೆ ನಿರ್ಧರಿಸಬೇಕೇ ಹೊರತು ದಾನಿಯ ಉತ್ಸಾಹವಲ್ಲ.

ವಿಜಯಪುರದ ವಿಚಾರಕ್ಕೆ ಬರೋಣ. ರೇಷ್ಮೆಗೂಡಿನ ಮಾರುಕಟ್ಟೆಯಿರುವ, ನೂಲು ತೆಗೆಯುವ ಕಸುಬನ್ನು ನೆಚ್ಚಿದ ಈ ಪುರಸಭೆಯ ಊರಿನಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಕಾಲೇಜಿಗೆ, ಕಾರ್ಖಾನೆಗೆ, ವಿಮಾನ ನಿಲ್ದಾಣದ ಸುತ್ತಲಿನ ಕೆಲಸಗಳಿಗೆ ನಿತ್ಯ ಹೊರಹೋಗುವವರು ಬಸ್ಸನ್ನೋ ಬೈಕನ್ನೋ ಅವಲಂಬಿಸಿದ್ದಾರೆ. ದೇವನಹಳ್ಳಿಯಿಂದಾಚೆ ಚಿಕ್ಕಬಳ್ಳಾಪುರದತ್ತ ಸಾಗುವ ಹಳಿಯ ಮೇಲೆ ಆವತಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್‌ಗಳಿವೆ. ಇವುಗಳಲ್ಲಿ ವೆಂಕಟಗಿರಿಕೋಟೆ ವಿಜಯಪುರ ಹೋಬಳಿಯದೇ ಊರು. ಸೈಕಲ್ಲಿಗೆ ದಕ್ಕುವ ದೂರ. ದೇವನಹಳ್ಳಿಯಿಂದ ಕೋಲಾರದವರೆಗೆ 107 ಕಿ.ಮೀ. ಉಪನಗರ ರೈಲನ್ನು ವಿಸ್ತರಿಸುವ ಪ್ರಸ್ತಾವವನ್ನು ಕೆ-ರೈಡ್ 2023ರಲ್ಲಿ ಮುಂದಿಟ್ಟಿತ್ತು. ನೈರುತ್ಯ ರೈಲ್ವೆ ಅದಕ್ಕೆ ಸಮ್ಮತಿಸಲಿಲ್ಲ. ಪೂರ್ಣ ವಿಸ್ತರಣೆ ದೂರದ ಮಾತಾದರೂ ಬೆಳಗ್ಗೆ, ಸಂಜೆ ಇನ್ನಷ್ಟು ಮೆಮು ರೈಲುಗಳನ್ನು ಇಲ್ಲಿ ನಿಲ್ಲಿಸಿ, ಊರಿನಿಂದ ಹಾಲ್ಟ್‌ವರೆಗೆ ಸುರಕ್ಷಿತ ಸೈಕಲ್ ಪಥ ನಿರ್ಮಿಸಿದರೆ ಹಳಿಯಿಲ್ಲದ ವಿಜಯಪುರವೂ ರೈಲಿನ ಊರಾದೀತು.

ಇದು ಹೊಸ ಕಲ್ಪನೆಯೇನಲ್ಲ. 2017ರ ರಾಷ್ಟ್ರೀಯ ಮೆಟ್ರೊ ರೈಲು ನೀತಿಯು ನಿಲ್ದಾಣದ ಸುತ್ತ ಐದು ಕಿ.ಮೀ. ವ್ಯಾಪ್ತಿಯಲ್ಲಿ ಸಂಪರ್ಕ ಬಸ್ಸು, ಪಾದಚಾರಿ ಮಾರ್ಗ ಹಾಗೂ ಸೈಕಲ್ ಪಥಗಳಿಗೆ ಯೋಜನಾ ವರದಿಯಲ್ಲಿಯೇ ಬದ್ಧತೆ ತೋರಬೇಕೆಂದು ಹೇಳಿದೆ. ಉಪನಗರ ರೈಲಿಗೂ ಇದೇ ನಿಯಮ ಏಕಿರಬಾರದು? ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಿಲ್ದಾಣದಡಿಯಲ್ಲಿ 2019ರಲ್ಲಿ ಪೂರ್ಣಗೊಂಡ ಸೈಕಲ್ ನಿಲುಗಡೆ ತಾಣದಲ್ಲಿ 12,500 ಸೈಕಲ್‌ಗಳಿಗೆ ಸ್ಥಳವಿದೆ. ಅಷ್ಟು ದೂರ ಹೋಗಬೇಕಿಲ್ಲ. 2017ರಲ್ಲಿ ಮೈಸೂರಿನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆ ನಮ್ಮದೇ ನೆಲದ ಪ್ರಯೋಗ.

ಈಗ ಸೈಕಲ್ ತುಳಿಯುವವರು ಯಾರಿದ್ದಾರೆ ಎಂಬ ಆಕ್ಷೇಪ ಕೇಳಿಬರುವುದುಂಟು. 2006-07ರಲ್ಲಿ ಆರಂಭವಾಗಿ ಕೋವಿಡ್ ಕಾಲದಲ್ಲಿ ನಿಂತ ಉಚಿತ ಸೈಕಲ್ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹಳ್ಳಿಯಿಂದ ಶಾಲೆಗೆ ಸೈಕಲ್‌ನಲ್ಲಿ ಹೋದದ್ದನ್ನು ಈ ರಾಜ್ಯ ಕಂಡಿದೆ. ಸೈಕಲ್ ತುಳಿಯಲು ಬಾರದೆಂದು ಅವರು ಅದನ್ನು ಬಿಟ್ಟದ್ದಲ್ಲ. ಟಿಪ್ಪರು, ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಹೋಗುವ ಧೈರ್ಯ ಯಾವ ತಂದೆ ತಾಯಿಗೂ ಬಾರದು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬಗಳನ್ನು ನೆಟ್ಟು ರೂಪಿಸಿದ ಸೈಕಲ್ ಪಥ ಬಹುಕಾಲ ಉಳಿಯಲಿಲ್ಲ. ಬಣ್ಣ ಬಳಿದ ಪಟ್ಟಿ ಸಾಲದು, ರಸ್ತೆಯಿಂದ ಬೇರ್ಪಟ್ಟ ಎತ್ತರದ ಪಥ ಬೇಕು ಎಂಬುದು ಅದರಿಂದ ಕಲಿಯಬೇಕಾದ ಪಾಠ.

ನಿಜವಾದ ತೊಡಕು ಇರುವುದು ಆಡಳಿತದಲ್ಲಿ. ಹಳಿ ಮತ್ತು ನಿಲ್ದಾಣ ರೈಲ್ವೆಗೆ ಸೇರಿದವು. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಊರೊಳಗಿನ ಬೀದಿ ಪುರಸಭೆಯದು. ಹಳ್ಳಿಯ ರಸ್ತೆ ಪಂಚಾಯಿತಿಯದು. ಭೂಬಳಕೆಯ ನಕ್ಷೆ ವಿಮಾನ ನಿಲ್ದಾಣ ಪ್ರದೇಶ ಯೋಜನಾ ಪ್ರಾಧಿಕಾರದ ಕೈಯಲ್ಲಿದೆ. ಪ್ರತಿಯೊಬ್ಬರ ಕಡತವೂ ತಮ್ಮ ಗಡಿಯಲ್ಲಿ ಮುಗಿಯುತ್ತದೆ. ಪ್ರಯಾಣಿಕನ ದಾರಿ ಮಾತ್ರ ಮುಗಿಯುವುದಿಲ್ಲ. ಆಡಳಿತದಲ್ಲಿ ದಶಕಗಳನ್ನು ಕಳೆದವರಿಗೆ ಇದು ಪರಿಚಿತ ಸಂಗತಿ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿ, ಪ್ರತಿ ನಿಲ್ದಾಣದ ಐದು ಕಿ.ಮೀ. ಸುತ್ತಳತೆಗೆ ಒಂದೇ ನಕ್ಷೆ, ಒಂದೇ ಲೆಕ್ಕಶೀರ್ಷಿಕೆ ಒದಗಿಸದಿದ್ದರೆ ಈ ಕೆಲಸ ಆಗದು.

ಭೂಮಿಯ ವಿಷಯದಲ್ಲಿ ಎಚ್ಚರ ಅಗತ್ಯ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನದ ಪ್ರಸ್ತಾವವನ್ನು ರೈತರ ದೀರ್ಘ ಹೋರಾಟದ ಬಳಿಕ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಸೈಕಲ್ ಪಥಕ್ಕೆ ಬೇಕಾದುದು ಎಕರೆಗಟ್ಟಲೆ ಜಮೀನಲ್ಲ. ರಸ್ತೆಯಂಚಿನ ಕೆಲವೇ ಅಡಿಗಳು. ಅವು ಬಹುಪಾಲು ಈಗಾಗಲೇ ಸರ್ಕಾರದವೇ. ಒತ್ತುವರಿಯಾಗುವ ಮುನ್ನ ಗುರುತು ಮಾಡಬೇಕಷ್ಟೆ.

ಸಂಪಿಗೆ ಮಾರ್ಗ ತಡವಾಗಿದೆ ಎಂದು ವಿಷಾದಿಸುವುದರ ಜೊತೆಗೆ ಆ ಅವಧಿಯನ್ನು ಬಳಸಿಕೊಳ್ಳುವುದು ವಿವೇಕ. ನಿಲ್ದಾಣದ ಮುಂಗಡೆ ಕಾರಿನ ಜಾಗಕ್ಕೂ ಮುನ್ನ ನೆರಳು ಮತ್ತು ಕಾವಲು ಇರುವ ಸೈಕಲ್ ಸ್ಟ್ಯಾಂಡಿಗೆ ಜಾಗ ಮೀಸಲಿಡಬೇಕು. ಹೆದ್ದಾರಿ ದಾಟುವೆಡೆ ಕೆಳಸೇತುವೆಗಳನ್ನು ಈಗಲೇ ವಿನ್ಯಾಸದಲ್ಲಿ ಸೇರಿಸಬೇಕು. ಪಾಸಿನಲ್ಲಿಯೇ ಸ್ಟ್ಯಾಂಡಿನ ಶುಲ್ಕ ಅಡಕವಾಗಿರಬೇಕು. ಹಳಿ ಹಾಕಿ ಮುಗಿದ ಮೇಲೆ ಇವನ್ನು ಸೇರಿಸಲು ಹೊರಟರೆ ವೆಚ್ಚ ಹೆಚ್ಚು, ಜಾಗ ಕಡಿಮೆ. ವಿಜಯಪುರದ ಪುರಸಭೆ ಮತ್ತು ಜನಪ್ರತಿನಿಧಿಗಳು ಕೆ-ರೈಡ್‌ನ ಮುಂದೆ ಈ ಬೇಡಿಕೆಯನ್ನು ಲಿಖಿತವಾಗಿ ಇಡಲು ಇದೇ ಸಕಾಲ.