ನಿಮಗಿದು ಗೊತ್ತೇ? ಅಗರಕ್ಕೆ ಮೂರು ಮನೆ, ಕೊಳ್ಳೇಗಾಲಕ್ಕೆ ಎಂಟು

ಕಂಪ್ಯೂಟರಿನಲ್ಲಿ ಆಜ್ಞೆಗಳನ್ನು ಟೈಪಿಸುವ ಕರಿ ಕಿಟಕಿಯೇ ಟರ್ಮಿನಲ್. ಚೌಕಾಬಾರದ ಹಾಸಿನಂತೆ ಅದರ ಪರದೆಯೂ ಒಂದೇ ಅಳತೆಯ ಮನೆಗಳಾಗಿ ಹಂಚಿಹೋಗಿರುತ್ತದೆ. ಇಂಗ್ಲಿಷಿನ ಐ ಎಷ್ಟೇ ತೆಳ್ಳಗಿರಲಿ, ಎಂ ಎಷ್ಟೇ ದಪ್ಪಗಿರಲಿ, ಎರಡಕ್ಕೂ ಸಿಗುವುದು ಒಂದೊಂದೇ ಮನೆ. ಅದಕ್ಕೇ ಇಲ್ಲಿ ಮಾನೋಸ್ಪೇಸ್ ಫಾಂಟು ಬೇಕು, ಅಂದರೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವಂಥದ್ದು.

ಈ ಲೆಕ್ಕದಲ್ಲಿ ಯಳಂದೂರು ತಾಲ್ಲೂಕಿನ ಅಗರದವರು ಪುಣ್ಯವಂತರು! ಊರಿನ ಹೆಸರಲ್ಲಿ ಗುಡಿಸು, ಕೊಂಬು, ಒತ್ತು ಒಂದೂ ಇಲ್ಲ. ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡಿನಲ್ಲಿ ಮೂರು ಸಂಕೇತ, ಪರದೆಯ ಮೇಲೆ ಮೂರು ಮನೆ. ಫೈಲಿಗೆ ‘ಅಗರ’ ಎಂದು ಹೆಸರಿಟ್ಟರೆ ಯೂನಿಕೋಡ್ ಬಲ್ಲ ಎಂಥ ಮುದಿ ಟರ್ಮಿನಲ್ಲೂ ತಕರಾರು ಮಾಡುವುದಿಲ್ಲ.

ಕೊಳ್ಳೇಗಾಲದ ಪಾಡು ಬೇರೆ. ನಾವು ಎಣಿಸಿದರೆ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಮಾತ್ರ ಕ, ಅದರ ಒಕಾರ, ಳ, ಹಲಂತ ಚಿಹ್ನೆ, ಮತ್ತೊಂದು ಳ, ಏಕಾರ, ಗ, ಆಕಾರ, ಲ ಎಂದು ಒಟ್ಟು 9 ಸಂಕೇತ. ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಹಾಗಾಗಿ ಊರಿನ ಹೆಸರಿಗೇ 27 ಬೈಟು ಆಯಿತು. ಇವುಗಳಲ್ಲಿ ಹಲಂತ ಚಿಹ್ನೆಗೆ ಮಾತ್ರ ಜಾಗ ಕೊಡದೆ ಉಳಿದ ಎಂಟಕ್ಕೂ ಒಂದೊಂದು ಮನೆ ಬರೆದುಕೊಡುವ ಟರ್ಮಿನಲ್‌ಗಳಿವೆ. ನಾಲ್ಕು ಅಕ್ಷರ ಎಂಟು ಮನೆಯಲ್ಲಿ ಸಂಸಾರ ಹೂಡಿದರೆ ಏನಾಗುತ್ತದೆ? ಒಂದೋ ನಡುವೆ ಬಾಯಿಬಿಟ್ಟ ಜಾಗ, ಇಲ್ಲವೇ ಅಕ್ಷರದ ಮೇಲೆ ಅಕ್ಷರ.

ಎಷ್ಟು ಮನೆ ಎಂದು ನಿರ್ಧರಿಸುವವರು ಯಾರು ಗೊತ್ತೇ? ಫಾಂಟು ಅಲ್ಲ, ಟರ್ಮಿನಲ್! ಕೇಂಬ್ರಿಡ್ಜಿನ ಮಾರ್ಕಸ್ ಕೂನ್ ಬರೆದ, ಮನೆ ಎಣಿಸುವ ಪುಟ್ಟ ಪ್ರೋಗ್ರಾಮಿನ ಜಾಡಿನಲ್ಲೇ ಎಷ್ಟೋ ಟರ್ಮಿನಲ್‌ಗಳು ನಡೆದಿವೆ. ಆ ಲೆಕ್ಕದ ಪ್ರಕಾರ ‘ಕಿ’ಗೆ ಒಂದು ಮನೆ, ‘ಕು’ಗೆ ಎರಡು. ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ಗುಡಿಸು ‘ಜಾಗ ಬೇಡದ’ ಚಿಹ್ನೆ, ಕೊಂಬು ‘ಜಾಗ ಬೇಡುವ’ ಚಿಹ್ನೆ. ಹೀಗಾಗಿ ಗುಡಿಸುಗಳೇ ತುಂಬಿರುವ ‘ಬಿಳಿಗಿರಿ’ ನಾಲ್ಕು ಮನೆಯಲ್ಲಿ ಕುಳಿತುಬಿಡುತ್ತದೆ, ಮೂರೇ ಅಕ್ಷರದ ‘ಹನೂರು’ ಐದು ಮನೆ ಕೇಳುತ್ತದೆ. ಈಚೆಗೆ ಕೆಲವರು ಲೆಕ್ಕ ತಿದ್ದಿದ್ದಾರೆ, ಆದರೆ ಟರ್ಮಿನಲ್ ಒಂದು ಲೆಕ್ಕ ಹಿಡಿದು ಒಳಗೆ ಓಡುವ ಪ್ರೋಗ್ರಾಂ ಇನ್ನೊಂದು ಹಿಡಿದರೆ ಕರ್ಸರ್ ಅಕ್ಷರವನ್ನು ಬಿಟ್ಟು ಬೇರೆಲ್ಲೋ ಮಿನುಗುತ್ತಿರುತ್ತದೆ.

ಒಂದು ಸಾಲಿಗೆ 80 ಮನೆ ಎಂಬ ರೂಢಿಯ ಬೇರು 1928ರಷ್ಟು ಹಿಂದಿನದು. ಆ ವರ್ಷ ಐಬಿಎಂ ತಂದ ತೂತು ಹೊಡೆಯುವ ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು. 1978ರ ವಿಟಿ100 ಟರ್ಮಿನಲ್ಲಿಗೂ ಅಷ್ಟೇ ಅಗಲ. ಕಾರ್ಡು ಮಾಯವಾಗಿ ಎಷ್ಟೋ ಕಾಲವಾಯಿತು, ಇಂದಿಗೂ ಹೊಸ ಕಿಟಕಿ ಸಾಮಾನ್ಯವಾಗಿ 80ಕ್ಕೇ ತೆರೆಯುತ್ತದೆ.

ಸೊನ್ನೆಯ ಹೊಟ್ಟೆಯಲ್ಲಿ ಚುಕ್ಕಿ ಇಡುವ ಪದ್ಧತಿ ಐಬಿಎಂ 3270 ಟರ್ಮಿನಲ್‌ಗಳ ಕಾಲದ್ದು. ಇಂಗ್ಲಿಷಿನ ಓ ಜತೆ ಕಲಸಿಹೋಗದಿರಲಿ ಎಂಬ ಉಪಾಯ. ನಮ್ಮಲ್ಲಿ ‘೦’ ಸೊನ್ನೆ, ‘ಂ’ ಅನುಸ್ವಾರ. ಸಂಕೇತ ಬೇರೆ, ಗಾತ್ರ ಸಣ್ಣದಾದಾಗ ರೂಪ ಹೆಚ್ಚುಕಡಿಮೆ ಒಂದೇ. ಅಂಕಿಗಳಿಗೆ 0, 1, 2 ಬಳಸುವುದೇ ಕ್ಷೇಮ.

ಕನ್ನಡದ ಟರ್ಮಿನಲ್ ಇವತ್ತಿನ ಆಸೆಯೇನಲ್ಲ. 1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಮೊಳೆತು, 1988ರಲ್ಲಿ ಶುರುವಾದ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ ಭಾರತೀಯ ಲಿಪಿಗಳಿಗೆಂದೇ ಹುಟ್ಟಿದ್ದು. ಕಂಪ್ಯೂಟರಿನೊಳಗೆ ಜಿಸ್ಟ್ ಕಾರ್ಡು ಸಿಕ್ಕಿಸಿದರೆ ಇಂಗ್ಲಿಷಿಗೆಂದು ಬರೆದ ಡಾಸ್ ಪ್ರೋಗ್ರಾಮುಗಳಲ್ಲೇ ಕನ್ನಡ ಮೂಡುತ್ತಿತ್ತು. ಫಾಂಟು ಆಗ ಕೈಯಲ್ಲಿ ಹಿಡಿಯುವ ವಸ್ತು!

ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಫೈಲನ್ನು ಟರ್ಮಿನಲ್‌ನಲ್ಲಿ ತೆರೆದು ನೋಡಿದ್ದೀರಾ? ‘ಅಗರ’ದ ಅ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಸಿ, ಗ ಇರಬೇಕಾದಲ್ಲಿ ದೊಡ್ಡ ಯು, ರ ಇರಬೇಕಾದಲ್ಲಿ ಸಣ್ಣ ಜಿ, ಗ ಮತ್ತು ರ ಎರಡರ ಬೆನ್ನಿಗೂ ನೆತ್ತಿಯ ಮೇಲೆ ಗೀರು ಹೊತ್ತ ಎ. ಆ ಎ ಬೇರೇನಲ್ಲ, ತಲೆಕಟ್ಟು! ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಏರ್ಪಾಡು ಅದು. ಆ ಫಾಂಟು ಹಾಕಿದರೆ ಕನ್ನಡವೇನೋ ಕಾಣಬಹುದು, ಜತೆಯಲ್ಲಿರುವ ಇಂಗ್ಲಿಷ್ ಆಜ್ಞೆಗಳೆಲ್ಲ ಕನ್ನಡದ ಚೂರುಗಳಾಗುತ್ತವೆ. ಫೈಲನ್ನು ಯೂನಿಕೋಡಿಗೆ ಬದಲಿಸದೆ ದಾರಿಯಿಲ್ಲ.

ಹಾಗಾದರೆ ಯಾವ ಫಾಂಟು? ಜೆಟ್‌ಬ್ರೇನ್ಸ್ ಮೋನೋ, ಸೋರ್ಸ್ ಕೋಡ್ ಪ್ರೊ, ಡೆಜಾವು ಸಾನ್ಸ್ ಮೋನೋ, ಕ್ಯಾಸ್ಕೇಡಿಯಾ ಕೋಡ್, ಇವು ಟರ್ಮಿನಲ್ ಮಂದಿಯ ಅಚ್ಚುಮೆಚ್ಚು. ಒಂದರಲ್ಲೂ ಕನ್ನಡವಿಲ್ಲ. ಕನ್ನಡ ಎದುರಾದಾಗ ಕಂಪ್ಯೂಟರು ಸದ್ದಿಲ್ಲದೆ ಬೇರೆ ಫಾಂಟಿನಿಂದ ಅಕ್ಷರ ಕಡ ತರುತ್ತದೆ. ಆದ್ದರಿಂದ ಆರಿಸಬೇಕಾದ್ದು ಒಂದನ್ನಲ್ಲ, ಒಂದು ಜೋಡಿಯನ್ನು. ವಿಂಡೋಸಿನಲ್ಲಿ ಕಡ ಕೊಡುವುದು ನಿರ್ಮಲಾ ಯುಐ ಅಥವಾ ಹಳೆಯ ತುಂಗಾ. ಲಿನಕ್ಸಿನ ಉಬುಂಟು, ಡೆಬಿಯನ್‌ಗಳಲ್ಲಿ ಲೋಹಿತ್, ಗುಬ್ಬಿ, ನವಿಲು ಮೂರೂ ಪುಕ್ಕಟೆ ಸಿಗುತ್ತವೆ, ಗೂಗಲ್‌ನ ನೋಟೊ ಸಾನ್ಸ್ ಕನ್ನಡವೂ ಹಾಗೆಯೇ. ನನ್ನ ಓಟು ನೋಟೊಗೆ, ಗೆರೆಯ ದಪ್ಪ ಇಂಗ್ಲಿಷಿನ ಜತೆ ಹೊಂದುತ್ತದೆ. ಜಾಗ ಸಾಲದು ಅನ್ನುವವರು ಅನೇಕ್ ಕನ್ನಡ ನೋಡಬಹುದು, ಅಗಲವನ್ನು ಕಿರಿದು ಮಾಡುವ ಅನುಕೂಲ ಅದರೊಳಗೇ ಇದೆ.

ಸಾಲಿನ ಎತ್ತರವನ್ನು ಸಾಮಾನ್ಯವಾಗಿ ಇಂಗ್ಲಿಷ್ ಫಾಂಟೇ ತೀರ್ಮಾನಿಸುತ್ತದೆ. ಇಂಗ್ಲಿಷಿಗೆ ಒತ್ತಕ್ಷರದ ಕಷ್ಟ ಏನು ಗೊತ್ತು? ಕೊಳ್ಳೇಗಾಲದ ಳ ಒತ್ತು ಬುಡದಲ್ಲಿ ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಲಿನಕ್ಸಿನ ಗ್ನೋಮ್ ಟರ್ಮಿನಲ್, ಕಾನ್ಸೋಲ್ ಎರಡರಲ್ಲೂ ಸಾಲಿನ ಅಂತರ ಹೆಚ್ಚಿಸಲು ಅವಕಾಶವಿದೆ, ಮೊದಲು ಅದನ್ನು ಮಾಡಿ. ಅಕ್ಷರದ ಗಾತ್ರವನ್ನೂ ತುಸು ಏರಿಸಿ; ತೀರಾ ಸಣ್ಣದಾದರೆ ದ, ಧ, ಥ ಮೂರೂ ಒಂದೇ ಗುಂಡುಮುಖ.

ನಿಮ್ಮ ಟರ್ಮಿನಲ್ಲಿನ ಪರೀಕ್ಷೆಗೆ ‘ಟರ್ಮಿನಲ್‌ಗೆ’ ಎಂಬ ಪದವೇ ಸಾಕು. ಅದರಲ್ಲೊಂದು ಅರ್ಕಾವತ್ತು ಇದೆ: ಕಂಪ್ಯೂಟರಿನ ನೆನಪಿನಲ್ಲಿ ರ ಮೊದಲು, ಪರದೆಯಲ್ಲಿ ಅದರ ಗುರುತು ಮಿ ಆದಮೇಲೆ. ಹಳೆಯ ಟರ್ಮಿನಲ್ ಆದ ಎಕ್ಸ್‌ಟರ್ಮ್‌ಗೆ ಈ ಹಿಂದುಮುಂದು ತಿಳಿಯದು, ಎಷ್ಟು ಚೆಂದದ ಫಾಂಟು ಕೊಟ್ಟರೂ ಅಷ್ಟೇ. ಬಹುಭಾಷೆಗೆಂದೇ ಕಟ್ಟಿದ ಎಂಎಲ್‌ಟರ್ಮ್‌ಗೆ ತಿಳಿಯುತ್ತದೆ. ಅದೇ ಪದದ ಲ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಅಡಗಿದೆ. ಅದಿಲ್ಲದಿದ್ದರೆ ಗೆ ಹೋಗಿ ಲಕಾರದ ಒತ್ತಾಗುತ್ತದೆ. ಫೈಲಿನ ಹೆಸರಿನಲ್ಲಿ ಅದಿದ್ದು, ನೀವು ಬಿಟ್ಟು ಟೈಪಿಸಿದಿರೋ, ಕಣ್ಣೆದುರಿಗೇ ಇರುವ ಫೈಲು ‘ಇಲ್ಲ’ ಎಂಬ ಉತ್ತರ ಬರುತ್ತದೆ.

ಕೊನೆಗೆ, ಯಾವ ಕನ್ನಡ ಫಾಂಟೂ ನಡೆಯದ ಜಾಗವೊಂದು ಲಿನಕ್ಸಿನಲ್ಲಿದೆ. ಕಂಟ್ರೋಲ್, ಆಲ್ಟ್ ಜತೆ ಎಫ್3 ಒತ್ತಿದರೆ ಕಿಟಕಿಗಳೆಲ್ಲ ಮಾಯವಾಗಿ ಬರೀ ಅಕ್ಷರಗಳ ಪರದೆ ಬರುತ್ತದೆ. ಅಲ್ಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಅಕ್ಷರಗಳನ್ನು ಕೂಡಿಸಿ ಬರೆಯುವ ವಿದ್ಯೆಯಂತೂ ಇಲ್ಲವೇ ಇಲ್ಲ. ಗಾಬರಿಯಾಗಬೇಡಿ, ಕಂಟ್ರೋಲ್, ಆಲ್ಟ್ ಹಿಡಿದೇ ಎಫ್1 ಅಥವಾ ಎಫ್2 ಒತ್ತಿದರೆ ಕಿಟಕಿಗಳು ಮರಳುತ್ತವೆ.